ಸಾಹುಕಾರನ ಪಾತ್ರಕ್ಕೆ ಜನ ಬೇಕು

ನಮ್ಮ ಕನ್ನಡ ಬಳಗದ ಪತ್ರಿಕೆಯ ಸಂಚಿಕೆ ಇಂದು ರಾತ್ರಿಯೇ ಮುದ್ರಣಕ್ಕೆ ಹೋಗಬೇಕಾಗಿರುವುದರಿಂದ, ಬರೆಯಬೇಕೆಂದಿದ್ದ ರಾಜ್ಯೋತ್ಸವದ ಲೇಖನವನ್ನು ಬದಿಗಿಟ್ಟು, ಇಲ್ಲಿ ಅಮೆರಿಕದಲ್ಲಿ ಮಗಳ ಹೈಸ್ಕೂಲಿನಲ್ಲಿ ಮೊನ್ನೆ ನೋಡಿದ ನಾಟಕದ ಬಗ್ಗೆಯೇ ಬರೆಯುತ್ತಿದ್ದೇನೆ. ಹಳೆಯ ಕಾಲದ ಮೆಲೋಡ್ರಾಮಾವನ್ನು ಬೇಕೆಂದೇ ನಗೆಗೀಡು ಮಾಡುವ ಆಟ ಅದು. ಕಪ್ಪು ನಿಲುವಂಗಿಯ ಖಳನಾಯಕ ಮೀಸೆ ತಿರುವುತ್ತ ಬಂದು ಜಮೀನಿನ ಒತ್ತೆಪತ್ರವನ್ನು ಝಳಪಿಸುತ್ತಾನೆ, ಪಿಯಾನೋ ಗುಡುಗುತ್ತದೆ, ರಂಗದ ಅಂಚಿನಲ್ಲಿ ಹುಡುಗಿಯೊಬ್ಬಳು ಫಲಕ ಎತ್ತಿದೊಡನೆ ಸಭೆಯೆಲ್ಲ ‘ಬೂ’ ಎಂದು ಕೂಗಿ ಪಾಪ್‌ಕಾರ್ನ್ ಎರಚುತ್ತದೆ. ಕಾರಿನಲ್ಲಿ ಬರುವಾಗ ಮಗಳು, “ಆಯಿ, ಇಂಥ ಕಥೆಯನ್ನ ನಂಬಿ ಯಾರಾದರೂ ಅತ್ತಿದ್ದುಂಟಾ?” ಎಂದು ಕೇಳಿದಳು.

ಉಂಟು, ನಾನೇ ಕಂಡಿದ್ದೇನೆ. ಅಂಕೋಲೆಯ ಬದಿಯ ನಮ್ಮ ಹೈಸ್ಕೂಲಿನ ಗ್ಯಾದರಿಂಗಿನಲ್ಲಿ ಪ್ರತಿವರ್ಷವೂ ಕಂಪನಿ ಶೈಲಿಯ ಒಂದು ನಾಟಕ ಇದ್ದೇ ಇರುತ್ತಿತ್ತು. ಆ ವರ್ಷದ್ದರಲ್ಲಿ ಗೇಣಿ ಬಾಕಿಗಾಗಿ ಒಕ್ಕಲನ ಮಗಳನ್ನೇ ಕೇಳುವ ಒಬ್ಬ ಸಾಹುಕಾರನಿದ್ದ. ಪಾತ್ರ ಮಾಡಿದವನು ನಮ್ಮ ತರಗತಿಯ ಅತ್ಯಂತ ಪಾಪದ ಹುಡುಗ. ಅಂಟಿಸಿದ ಮೀಸೆಯ ಒಂದು ತುದಿ ಮೊದಲ ಅಂಕದಲ್ಲೇ ಬಿಟ್ಟುಕೊಂಡಿದ್ದರಿಂದ ಅವನು ಕೆನ್ನೆಗೆ ಕೈಯೊತ್ತಿಕೊಂಡೇ ಮಾತಾಡುತ್ತಿದ್ದ, ಆದರೂ ಯಾರೂ ನಗಲಿಲ್ಲ. ಯಾರದೋ ಮನೆಯಿಂದ ತಂದಿದ್ದ ನಿಜವಾದ ಕೊಳಗದಲ್ಲಿ ಭತ್ತ ಅಳೆಯುವ ದೃಶ್ಯ ಬಂದಾಗ, ಅವನು ಕೊಳಗದ ತಲೆಯನ್ನು ಮಟ್ಟವಾಗಿ ಸವರದೆ, ಮೇಷ್ಟ್ರು ಹೇಳಿಕೊಟ್ಟಂತೆ ಕಾಳು ಹೊರಗೆ ಚೆಲ್ಲುವಷ್ಟು ಗೋಪುರ ಏರಿಸಿ, “ಇದು ಒಂದು” ಎಂದ. ಮುಂದಿನ ಸಾಲಿನಲ್ಲಿ ಕಂಬಳಿಯ ಮೇಲೆ ಕೂತಿದ್ದ ಅಜ್ಜಿಯೊಬ್ಬಳು ಧಡಕ್ಕನೆ ಎದ್ದು, “ನಿನ್ನ ಮನೆ ಹಾಳಾಗ! ಅಳೆಯೋ ರೀತಿ ಏನೋ ಅದು?” ಎಂದು ಚೀರಿದಳು. ಪರದೆಯ ಮರೆಯ ಪ್ರಾಂಪ್ಟರ್ ಸಾಲು ತಪ್ಪಿದ, ಹಾರ್ಮೋನಿಯಂ ನಿಂತಿತು. ಮರುದಿನ ಪೇಟೆಯಲ್ಲಿ ಎದುರಾದ ಹುಡುಗನನ್ನು ಕಂಡೂ ಆಕೆ ಮುಖ ತಿರುಗಿಸಿದಳಂತೆ.

ಯಕ್ಷಗಾನದಲ್ಲಿ ಚಿಟ್ಟಾಣಿಯವರ ಕೀಚಕ ಸಾಯುವುದೇ ಬೇಡವೆಂದು ಬಯಸುತ್ತ ಬೆಳಗಿನವರೆಗೆ ಕೂರುತ್ತಿದ್ದ ಜನವೇ ಈ ಸಾಹುಕಾರನಿಗೆ ಮಾತ್ರ ಎಳ್ಳಷ್ಟೂ ರಿಯಾಯಿತಿ ಕೊಡಲಿಲ್ಲ. ದಿನಕರ ದೇಸಾಯಿಯವರು ಗೇಣಿದಾರರನ್ನು ಸಂಘಟಿಸಿದ ತಾಲೂಕುಗಳಲ್ಲಿ, 1974ರ ಭೂಸುಧಾರಣೆಯವರೆಗೂ ಇನ್ನೊಬ್ಬರ ಗದ್ದೆ ಉತ್ತವರು ಆ ಕೊಳಗವನ್ನು ಅಂಗಳದಲ್ಲೇ ಕಂಡವರು. ಅವರ ಪಾಲಿಗೆ ಅದು ಉತ್ಪ್ರೇಕ್ಷೆಯೇ ಆಗಿರಲಿಲ್ಲ. ಅಮೆರಿಕದ್ದೂ ಇದೇ ಕಥೆಯೆಂದು ನನಗನಿಸುತ್ತದೆ. ರೈಲು ಹಳಿಗೆ ಕಟ್ಟಿಹಾಕುವ ಪ್ರಸಿದ್ಧ ದೃಶ್ಯವನ್ನು ನಾಟಕಕಾರ ಆಗಸ್ಟಿನ್ ಡಾಲಿ 1867ರಲ್ಲಿ ನ್ಯೂಯಾರ್ಕಿನ ರಂಗಕ್ಕೆ ತಂದಾಗ ಜನ ಪಾಪ್‌ಕಾರ್ನ್ ಎರಚದೆ ಉಸಿರು ಬಿಗಿಹಿಡಿದು ನೋಡಿದ್ದರು. ಅಂದಹಾಗೆ, ಅಲ್ಲಿ ಹಳಿಗೆ ಬಿಗಿಯಲ್ಪಟ್ಟವನು ಗಂಡಸು, ಕೊಡಲಿಯಿಂದ ಬಾಗಿಲು ಒಡೆದು ಅವನನ್ನು ಬಿಡಿಸುವವಳು ನಾಯಕಿ. ಇದನ್ನು ಹೇಳಿದ ಮೇಲೆ ಮಗಳಿಗೆ ನಾಟಕದ ಮೇಲಿನ ಗೌರವ ತುಸು ಹೆಚ್ಚಿತು.

ಹಾಗಾಗಿ ಈ ಸಲದ ರಾಜ್ಯೋತ್ಸವಕ್ಕೆ ಮಕ್ಕಳಿಂದ ಕಂಪನಿ ನಾಟಕದ ಒಂದು ಅಂಕವನ್ನು, ಗೇಲಿ ಮಾಡದೆ, ಪೂರಾ ಗಂಭೀರವಾಗಿ ಆಡಿಸಬೇಕೆಂಬುದು ನನ್ನ ಹಟ. ನಗು ಬಂದರೆ ತಾನಾಗಿ ಬರಲಿ, ಫಲಕ ಬೇಡ.

ಇನ್ನು ಸೂಚನೆಗಳು: ರಾಜ್ಯೋತ್ಸವ ನವೆಂಬರ್‌ನ ಎರಡನೆಯ ಶನಿವಾರ, ಮಧ್ಯಾಹ್ನ 3ಕ್ಕೆ, ಊಟಕ್ಕೆ ಹೆಸರು ಕೊಡದವರು ಈ ವಾರವೇ ಕೊಡಬೇಕು, ಕನ್ನಡ ತರಗತಿ ದೀಪಾವಳಿಯ ವಾರ ಇರುವುದಿಲ್ಲ, ಗ್ರಂಥಾಲಯದ ಪುಸ್ತಕಗಳನ್ನು ದಯವಿಟ್ಟು ಹಿಂತಿರುಗಿಸಿ. ನಾಟಕಕ್ಕೆ ಹಾರ್ಮೋನಿಯಂ ನುಡಿಸುವವರು ಬೇಕು, ಪರದೆ ಎಳೆಯಲು ಇಬ್ಬರು ಬೇಕು. ನಾಯಕನಾಗಲು ಆರು ಹುಡುಗರು ಬಂದಿದ್ದಾರೆ, ಸಾಹುಕಾರನಾಗಲು ಒಬ್ಬನೂ ಒಪ್ಪುತ್ತಿಲ್ಲ. ನಿಮ್ಮ ಮನೆಯಲ್ಲಿ ಪಾಪದ ಹುಡುಗನಿದ್ದರೆ ಭಾನುವಾರದ ತಾಲೀಮಿಗೆ ಕಳುಹಿಸಿ. ಜನವರಿ ಸಂಚಿಕೆಯ ಸಂಪಾದನೆಯನ್ನು ಬೇರೆ ಯಾರಾದರೂ ವಹಿಸಿಕೊಂಡರೆ ಅದಕ್ಕೂ ನನ್ನ ತಕರಾರಿಲ್ಲ.