ವಾರ್ಡಿನ ತೆರಿಗೆ ವಾರ್ಡಿನ ಶಾಲೆಗೇ ಎಂದರೆ

ಮಾನ್ಯ ಸಂಪಾದಕರೇ,

ಆಯಾ ವಾರ್ಡಿನ ಆಸ್ತಿ ತೆರಿಗೆಯಲ್ಲಿ ಒಂದು ಪಾಲನ್ನು ಅದೇ ವಾರ್ಡಿನ ಸರ್ಕಾರಿ ಶಾಲೆಗೆ ನೇರವಾಗಿ ಕೊಡಬೇಕು, ಅಮೆರಿಕದಲ್ಲಿ ಹಾಗೇ ನಡೆಯುತ್ತದೆ ಎಂದು ಓದುಗರೊಬ್ಬರು ನಿಮ್ಮ ಪತ್ರಿಕೆಗೆ ಬರೆದಿದ್ದರು. ಅವರ ಕಾಳಜಿಯ ಬಗ್ಗೆ ನನ್ನ ತಕರಾರಿಲ್ಲ. ಕಟ್ಟಿದ ದುಡ್ಡು ಕಣ್ಣೆದುರಿನ ಶಾಲೆಗೇ ಹೋಗುತ್ತದೆ ಎಂದಾದರೆ ಬಾಕಿ ಉಳಿಸಿಕೊಳ್ಳುವವರು ಕಡಿಮೆಯಾಗಬಹುದು, ಶಾಲೆಯೊಳಗೆ ಇಣುಕಿ ನೋಡುವವರು ಹೆಚ್ಚಾಗಬಹುದು. ಆದರೆ ಅಮೆರಿಕದ ಹೆಸರು ಹೇಳಿದವರು ಅಲ್ಲಿನ ಲೆಕ್ಕವನ್ನೂ ಬಿಡಿಸಿ ತೋರಿಸಬೇಕಿತ್ತು. ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು ನಾನು. ಅರ್ಧಕ್ಕೆ ಬಿಟ್ಟ ಲೆಕ್ಕ ಕಂಡರೆ ಸುಮ್ಮನಿರಲಾಗುವುದಿಲ್ಲ.

ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊ ಪ್ರದೇಶದಲ್ಲಿ ಎಜ್‌ವುಡ್, ಅಲಾಮೊ ಹೈಟ್ಸ್ ಎಂಬ ಎರಡು ಶಾಲಾ ಜಿಲ್ಲೆಗಳಿವೆ. ಶಾಲಾ ಜಿಲ್ಲೆ ಎಂದರೆ ತನ್ನದೇ ಆಸ್ತಿ ತೆರಿಗೆ ವಸೂಲು ಮಾಡಿ ತನ್ನ ಶಾಲೆಗಳನ್ನು ನಡೆಸುವ ಪ್ರದೇಶ. ಮೊದಲನೆಯದರಲ್ಲಿ ಹೆಚ್ಚಾಗಿ ಮೆಕ್ಸಿಕನ್ ಮೂಲದ ದುಡಿಯುವ ಜನ, ಎರಡನೆಯದರಲ್ಲಿ ಸ್ಥಿತಿವಂತರು. 1967–68ರ ಅಂಕಿಗಳು ಅಮೆರಿಕದ ಸುಪ್ರೀಂ ಕೋರ್ಟಿನ ತೀರ್ಪಿನಲ್ಲೇ ಇವೆ. ಎಜ್‌ವುಡ್‌ನಲ್ಲಿ ತೆರಿಗೆಗೆ ಒಳಪಟ್ಟ ಆಸ್ತಿಯ ಮೌಲ್ಯವನ್ನು ಮಕ್ಕಳ ಸಂಖ್ಯೆಯಿಂದ ಭಾಗಿಸಿದರೆ ಮಗುವಿಗೆ 5,960 ಡಾಲರ್. ಅಲಾಮೊ ಹೈಟ್ಸ್‌ನಲ್ಲಿ 49,000 ಡಾಲರಿಗೂ ಮೇಲೆ. ಎಜ್‌ವುಡ್‌ನವರು ನೂರು ಡಾಲರಿಗೆ 1.05 ಡಾಲರಿನಂತೆ ತೆರಿಗೆ ಕಟ್ಟುತ್ತಿದ್ದರು. ಇಡೀ ನಗರ ಪ್ರದೇಶದಲ್ಲಿ ಅದೇ ಅತಿ ಹೆಚ್ಚಿನ ದರ. ಸ್ಥಿತಿವಂತರ ದರ 85 ಸೆಂಟ್. ಎಲ್ಲ ಶಾಲೆಗಳಿಗೂ ಕನಿಷ್ಠ ಹಣ ಒದಗಿಸುವ ರಾಜ್ಯದ ಮೂಲ ಯೋಜನೆಗೆ ಕೊಡಬೇಕಾದ ಪಾಲು ಕಳೆದ ಮೇಲೆ ಸ್ಥಳೀಯ ತೆರಿಗೆಯಿಂದ ಎಜ್‌ವುಡ್‌ನ ಮಗುವಿಗೆ ಉಳಿದದ್ದು 26 ಡಾಲರ್, ಅಲಾಮೊ ಹೈಟ್ಸ್‌ನ ಮಗುವಿಗೆ 333.

ಹೆಚ್ಚು ದರ ಕಟ್ಟಿದವರ ಕೈಗೆ ಹನ್ನೆರಡರಲ್ಲಿ ಒಂದು ಪಾಲೂ ಇಲ್ಲ. ಇದರಲ್ಲಿ ಯಾರ ಸೋಮಾರಿತನವೂ ಇಲ್ಲ, ಇರುವುದು ಬರೀ ಭಾಗಾಕಾರ. ರಾಜ್ಯವಾದರೂ ತೂಗಿಸಿ ಕೊಟ್ಟಿತೇ ಎಂದು ನೋಡಿದರೆ ಎಜ್‌ವುಡ್‌ಗೆ ತಲಾ 222, ಅಲಾಮೊ ಹೈಟ್ಸ್‌ಗೆ 225! ಆ ಮೂರು ಡಾಲರ್ ಯಾಕೆ ಹೆಚ್ಚು ಎಂದು ನನ್ನ ಯಾವ ವಿದ್ಯಾರ್ಥಿ ಕೇಳಿದ್ದರೂ ಮುಖ ಎತ್ತಿ ಉತ್ತರ ಹೇಳಲು ನನ್ನಿಂದ ಆಗುತ್ತಿರಲಿಲ್ಲ.

ದುಡ್ಡಿಗೂ ಕಲಿಕೆಗೂ ಏನು ಸಂಬಂಧ ಎನ್ನುವವರಿದ್ದಾರೆ. ಅದೇ ಮೊಕದ್ದಮೆಯ ಇನ್ನೊಂದು ಅಂಕಿ ನೋಡಲಿ: ಪೂರ್ಣ ಅರ್ಹತೆಯಿಲ್ಲದೆ ತುರ್ತು ಪರವಾನಗಿಯ ಮೇಲೆ ಪಾಠ ಮಾಡುತ್ತಿದ್ದ ಶಿಕ್ಷಕರು ಅಲಾಮೊ ಹೈಟ್ಸ್‌ನಲ್ಲಿ ಶೇ 11, ಎಜ್‌ವುಡ್‌ನಲ್ಲಿ ಶೇ 47. ಇದು ನನಗೆ ಪುಸ್ತಕದ ಮಾತಲ್ಲ. ಖಾಯಂ ಹುದ್ದೆ ಖಾಲಿ ಬಿದ್ದ ಶಾಲೆಗಳಲ್ಲಿ ಅತಿಥಿ ಶಿಕ್ಷಕರು ಬರುವಷ್ಟರಲ್ಲಿ ಮೊದಲ ಕಿರುಪರೀಕ್ಷೆ ಮುಗಿದಿರುತ್ತದೆ. ಬಂದವರು ಚೆನ್ನಾಗಿಯೇ ಕಲಿಸುತ್ತಾರೆ, ಆದರೆ ಸಂಬಳ ತಿಂಗಳುಗಟ್ಟಲೆ ತಡವಾದರೆ ಬೇರೆ ಕೆಲಸ ಹುಡುಕಿಕೊಂಡು ಹೋಗುತ್ತಾರೆ. ಎಂಟನೆಯ ತರಗತಿಯಲ್ಲಿ ಬೀಜಗಣಿತದ ಬುಡ ಗಟ್ಟಿಯಾಗದ ಮಕ್ಕಳನ್ನು ಹತ್ತನೆಯ ತರಗತಿಯಲ್ಲಿ ಕೂರಿಸಿಕೊಂಡು ವಿಶೇಷ ತರಗತಿ ನಡೆಸಿದವರಿಗೆ ಅದರ ಕಷ್ಟ ಗೊತ್ತು. ಗೋಡೆಗೆ ಬಣ್ಣ ಹೊಡೆಸಲು ದಾನಿಗಳು ಸಿಗುತ್ತಾರೆ. ಶಿಕ್ಷಕರ ಸಂಬಳಕ್ಕೆ ಪ್ರತಿ ತಿಂಗಳೂ ನಿಲ್ಲದೆ ಬರುವ ಹಣವೇ ಬೇಕು.

ಎಜ್‌ವುಡ್‌ನ ಪೋಷಕರು 1968ರಲ್ಲಿ ಕೋರ್ಟಿಗೆ ಹೋದರು. 1973ರಲ್ಲಿ ಸುಪ್ರೀಂ ಕೋರ್ಟಿನಲ್ಲಿ 5–4ರ ಅಂತರದಲ್ಲಿ ಸೋತರು. ಶಿಕ್ಷಣ ಅಮೆರಿಕದ ಸಂವಿಧಾನ ಕೊಟ್ಟ ಮೂಲಭೂತ ಹಕ್ಕಲ್ಲ ಎಂದಿತು ಬಹುಮತದ ತೀರ್ಪು. ಮುಂದೆ ಟೆಕ್ಸಾಸ್‌ನ ಸುಪ್ರೀಂ ಕೋರ್ಟೇ 1989ರಲ್ಲಿ ರಾಜ್ಯದ ಸಂವಿಧಾನದ ಪ್ರಕಾರ ಈ ಪದ್ಧತಿ ಸಲ್ಲದು ಎಂದಿತು. 1993ರಲ್ಲಿ, ಆಸ್ತಿ ಹೆಚ್ಚಿರುವ ಜಿಲ್ಲೆಗಳ ತೆರಿಗೆಯಲ್ಲಿ ಒಂದಷ್ಟನ್ನು ಉಳಿದ ಜಿಲ್ಲೆಗಳಿಗೆ ಹಂಚುವ ಕಾನೂನು ಬಂತು. ಮಿಷಿಗನ್ 1994ರಲ್ಲಿ ಮಾರಾಟ ತೆರಿಗೆಯನ್ನು ಶೇ 4ರಿಂದ 6ಕ್ಕೆ ಏರಿಸಿ, ಶಾಲೆಗಳು ಸ್ಥಳೀಯ ಆಸ್ತಿ ತೆರಿಗೆಯನ್ನು ನೆಚ್ಚಿಕೊಳ್ಳುವುದನ್ನು ತಗ್ಗಿಸಿತು. ಹವಾಯಿಯಲ್ಲಂತೂ ಇಡೀ ರಾಜ್ಯವೇ ಒಂದು ಶಾಲಾ ಜಿಲ್ಲೆ. ಅಂದರೆ ಅವರು ಇಷ್ಟು ವರ್ಷಗಳಿಂದ ಬಿಚ್ಚಲು ಒದ್ದಾಡುತ್ತಿರುವ ಗಂಟನ್ನು ನಾವು ಈಗ ಹೊಸದಾಗಿ ಹಾಕಿಕೊಳ್ಳೋಣ ಎನ್ನುತ್ತಿದ್ದೇವೆ. ಅದೂ ಏನು, ನಮ್ಮಲ್ಲಿ 2002ರ ತಿದ್ದುಪಡಿಯ ಮೂಲಕ 21ಎ ವಿಧಿ ಸೇರಿ, 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣ ಮೂಲಭೂತ ಹಕ್ಕಾಗಿರುವಾಗ! ಆ ಹಕ್ಕಿನ ಅಳತೆ ಮಗುವಿನ ಬೀದಿಯ ಸೈಟಿನ ಬೆಲೆಗೆ ತಕ್ಕಂತೆ ಬದಲಾಗಬೇಕೇ?

ಇನ್ನು ರಸೀದಿಯಲ್ಲಿ ‘ಶಾಲೆಗೆ’ ಎಂದು ಒಂದು ಸಾಲು ಸೇರಿಸಿದರೆ ಸಾಕು ಎನ್ನುವವರಿಗೆ ಒಂದು ಮಾತು. ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರವನ್ನು ನಾವು ಈಗಾಗಲೇ ಕಟ್ಟುತ್ತಿದ್ದೇವೆ. ವಸೂಲಾದ ಆ ಹಣವನ್ನು ಸ್ಥಳೀಯ ಸಂಸ್ಥೆಗಳು ಗ್ರಂಥಾಲಯ ಇಲಾಖೆಗೆ ಕಟ್ಟದೆ ಬಾಕಿ ಉಳಿಸಿಕೊಂಡ ಸುದ್ದಿ ಪತ್ರಿಕೆಗಳಿಗೆ ಹೊಸದೇನಲ್ಲ.

ತೆರಿಗೆ ಬೇಡ ಎನ್ನುತ್ತಿಲ್ಲ ನಾನು. ಹೆಚ್ಚಿಸಿದರೂ ಕಟ್ಟುತ್ತೇನೆ, ನನ್ನ ಮನೆಯಲ್ಲಿ ಈಗ ಶಾಲೆಗೆ ಹೋಗುವ ಮಕ್ಕಳು ಇಲ್ಲದಿದ್ದರೂ. ಆದರೆ ಹಣ ರಾಜ್ಯಮಟ್ಟದ ಒಂದೇ ನಿಧಿಗೆ ಬರಲಿ, ಅಲ್ಲಿಂದ ಮಕ್ಕಳ ತಲೆ ಎಣಿಸಿ ಹಂಚಲಿ. ಮನೆಯಲ್ಲಿ ಓದಿಸುವವರಿಲ್ಲದ ಮಕ್ಕಳು ಹೆಚ್ಚಿರುವ ಶಾಲೆಗೆ ಒಂದು ಪಾಲು ಜಾಸ್ತಿಯೇ ಇರಲಿ. ಇಣುಕಿ ನೋಡುವ ಅಧಿಕಾರ ಮಾತ್ರ ಊರಿನವರ ಕೈಯಲ್ಲೇ ಇರಲಿ. ಅದಕ್ಕೆ ಪೋಷಕರೇ ಇರುವ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು (ಎಸ್‌ಡಿಎಂಸಿ) ಇವೆ, ಬಂದ ಹಣ ಎಷ್ಟು, ಖರ್ಚು ಎಷ್ಟು ಎಂದು ಅವು ಶಾಲೆಯ ಗೋಡೆಯ ಮೇಲೆ ಬರೆಸಿದರೆ ಯಾರೂ ಬೇಡವೆನ್ನುವುದಿಲ್ಲ.

ನಿಮ್ಮಲ್ಲಿ ಒಂದು ವಿನಂತಿ. ಯಾವುದಾದರೂ ಒಂದು ನಗರದಲ್ಲಿ ವಾರ್ಡುವಾರು ವಸೂಲಾದ ಆಸ್ತಿ ತೆರಿಗೆ ಮತ್ತು ಅದೇ ವಾರ್ಡಿನ ಸರ್ಕಾರಿ ಶಾಲೆಗಳ ದಾಖಲಾತಿ, ಇವೆರಡನ್ನೂ ನಿಮ್ಮ ವರದಿಗಾರರಿಂದ ತರಿಸಿ ಅಕ್ಕಪಕ್ಕ ಅಚ್ಚು ಹಾಕಿ. ಭಾಗಾಕಾರ ನಾನು ಮಾಡಿ ಕಳಿಸುತ್ತೇನೆ.

– ನಿವೃತ್ತ ಗಣಿತ ಶಿಕ್ಷಕಿ