ವಿಷಯ: ಫ್ಲೋರೋಕಾರ್ಬನ್ ಅಂತ ಮಾರಿದ ಲೀಡರ್ ದಾರದ ಬಗ್ಗೆ ಕೊನೆಯ ದೂರು

ಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ಮಾನ್ಯರೇ,

ನಿಮ್ಮ ಕಂಪನಿಯಿಂದ ತರಿಸಿದ, 40 ಪೌಂಡ್ ಎಳೆತ ತಡೆಯಬೇಕಾದ ಲೀಡರ್ ದಾರದ (ಗಾಳ ಕಟ್ಟುವ ತುದಿಯ ದಾರ) ಬಗ್ಗೆ ಫೋನ್ ಮಾಡಿದ್ದಾಯಿತು, ಇಮೇಲ್ ಕಳಿಸಿದ್ದಾಯಿತು, ಫೋಟೋನೂ ಕಳಿಸಿದ್ದಾಯಿತು. ಕೊನೆಗೆ ನಿಮ್ಮಿಂದ ಬಂದದ್ದು ಒಂದೇ ಸಾಲು: "ಬಳಕೆದಾರರ ತಪ್ಪು, ದೂರು ಮುಗಿಸಲಾಗಿದೆ." ನೀವು ಮುಗಿಸಿರಬಹುದು. ನಾನು ಮುಗಿಸಿಲ್ಲ.

ಸುರುಳಿಯ ಲೇಬಲ್ ಮೇಲೆ "ಶೇಕಡಾ 100 ಫ್ಲೋರೋಕಾರ್ಬನ್" ಅಂತ ಇದೆ. ಒಳಗೆ ಇರುವುದು ಫ್ಲೋರೋಕಾರ್ಬನ್ ಅಲ್ಲ. ನನ್ನ ದೂರು ಇಷ್ಟೇ. ಲೇಬಲ್‌ಗೂ ಮಾಲಿಗೂ ತಾಳೆಯಾಗದಿದ್ದರೆ ಸುರುಳಿ ಬಿಚ್ಚಿದ್ದರೂ ವಾಪಸ್ ತಗೋಬೇಕು ಅಂತ ನಿಮ್ಮದೇ ನಿಯಮ ಇದೆ. ಅದನ್ನು ಬರೆದವರು ನೀವೇ, ಹಾಗಾಗಿ ಇಲ್ಲಿ ಮತ್ತೆ ಎತ್ತಿ ಬರೆಯುವುದಿಲ್ಲ.

ಆದರೆ ಫೋನ್ ಎತ್ತಿದ ನಿಮ್ಮ ಪ್ರತಿನಿಧಿಗೆ ಈ ದಾರ ಯಾತಕ್ಕೆ ಅನ್ನೋದೇ ಗೊತ್ತಿರಲಿಲ್ಲ. ಅದನ್ನು ಬರೆಯಲೇಬೇಕು.

ನಾನು ಕೆನಡಾದ ಜಾರ್ಜಿಯಾ ಜಲಸಂಧಿಯಲ್ಲಿ ಚಿನೂಕ್ ಸಾಲ್ಮನ್‌ಗೆ ಟ್ರೋಲಿಂಗ್ ಮಾಡುತ್ತೇನೆ, ಅಂದರೆ ಓಡುವ ದೋಣಿಯ ಹಿಂದೆ ಗಾಳ ಎಳೆಯುತ್ತೇನೆ. ರೀಲ್ ಮೇಲೆ 30 ಪೌಂಡ್ ನೈಲಾನ್ ಮೊನೊ, ಅಂದರೆ ಒಂಟಿ ಎಳೆಯ ದಾರ. ಬ್ರೇಡ್ (ಹೆಣೆದ ದಾರ) ತೆಳ್ಳಗಿದ್ದೂ ಗಟ್ಟಿ, ನಿಜ. ಆದರೆ ಗಾಳವನ್ನು ಭಾರದ ಜೊತೆ ಆಳಕ್ಕಿಳಿಸುವ ಡೌನ್‌ರಿಗ್ಗರ್‌ನ ಕ್ಲಿಪ್‌ನಲ್ಲಿ ಅದು ಜಾರುತ್ತದೆ. ಎಳೆದಾಗ ಹಿಗ್ಗುವುದೂ ಇಲ್ಲ. ಬ್ರಿಟಿಷ್ ಕೊಲಂಬಿಯಾದಲ್ಲಿ ಸಾಲ್ಮನ್‌ಗೆ ಮುಳ್ಳಿಲ್ಲದ ಗಾಳವನ್ನೇ ಬಳಸಬೇಕು. ದಾರ ಒಂದು ಕ್ಷಣ ಸಡಿಲ ಆದರೂ ಮೀನು ಹೋಯಿತು. ಮೀನು ತಲೆ ಒದರಿದಾಗ ನೈಲಾನ್ ಸ್ವಲ್ಪ ಹಿಗ್ಗಿ ಆ ಬಿಗಿಯನ್ನು ಕಾಯುತ್ತದೆ.

ರೀಲ್ ದಾರದ ತುದಿಗೆ 11 ಇಂಚಿನ ಫ್ಲ್ಯಾಷರ್, ಅಂದರೆ ನೀರಲ್ಲಿ ತಿರುಗುತ್ತಾ ಮಿನುಗುವ ಪಟ್ಟಿ. ಅದರ ಹಿಂದೆ ಲೀಡರ್, ಲೀಡರ್ ತುದಿಯಲ್ಲಿ ಹೂಚಿ. ಹೂಚಿಗೆ ತನ್ನದೇ ಆದ ಓಟ ಇಲ್ಲ. ಅದು ರಬ್ಬರಿನ ಹಾಗಿರುವ ಒಂದು ಕುಚ್ಚು, ಅಷ್ಟೇ. ಫ್ಲ್ಯಾಷರ್ ತಿರುಗುವಾಗ ಕೊಡುವ ಒದೆತ ಲೀಡರ್ ಮೂಲಕ ಹೂಚಿಗೆ ತಲುಪಿದರೆ ಮಾತ್ರ ಅದು ಗಾಯಗೊಂಡ ಮರಿಮೀನಿನಂತೆ ಚಿಮ್ಮುತ್ತದೆ. ಅದಕ್ಕೇ ಹೂಚಿಗೆ ಮೂರಡಿ ಆಸುಪಾಸಿನ ಗಿಡ್ಡ, ಬಿಗುವಾದ ಲೀಡರ್ ಬೇಕು. ಸ್ಪೂನ್‌ಗೆ (ಚಮಚದಾಕಾರದ ಲೋಹದ ಆಮಿಷ) ಹಾಗಲ್ಲ. ಅದು ತಾನಾಗಿ ಓಲಾಡುತ್ತದೆ, ನಾಲ್ಕರಿಂದ ಆರಡಿ ಕೊಟ್ಟರೂ ನಡೆಯುತ್ತದೆ. ನಾನು 40 ಪೌಂಡ್ ತಗೊಂಡದ್ದು 40 ಪೌಂಡ್ ಮೀನು ಸಿಗುತ್ತದೆ ಅಂತಲ್ಲ. ಆ ಬಿಗುವಿಗೆ. ಜೊತೆಗೆ ಚಿನೂಕ್ ಹಲ್ಲು ಇದೆ, ಕರೆಯದೆ ಬರುವ ಡಾಗ್‌ಫಿಶ್ ಎಂಬ ಸಣ್ಣ ಶಾರ್ಕ್‌ನ ಒರಟು ಚರ್ಮ ಇದೆ. ತೆಳು ದಾರ ಇವಕ್ಕೆ ಬಾಳುವುದಿಲ್ಲ.

ಫ್ಲೋರೋಕಾರ್ಬನ್ನೇ ಯಾಕೆ? ನೈಲಾನ್ ನೀರು ಕುಡಿದು ಮೆದುವಾಗುತ್ತದೆ, ಒಂದಿಷ್ಟು ಬಲವನ್ನೂ ಕಳೆದುಕೊಳ್ಳುತ್ತದೆ. ಫ್ಲೋರೋಕಾರ್ಬನ್ ನೀರು ಹೀರುವುದಿಲ್ಲ, ಬೆಳಿಗ್ಗೆ ಇದ್ದ ಬಿಗು ಸಂಜೆಗೂ ಇರುತ್ತದೆ. ಬೆಳಕು ಬಾಗುವ ಲೆಕ್ಕದಲ್ಲಿ ನೀರು ಸುಮಾರು 1.33, ಫ್ಲೋರೋಕಾರ್ಬನ್ 1.42, ನೈಲಾನ್ 1.53. ನೀರಿಗೆ ಹತ್ತಿರ ಇದ್ದಷ್ಟೂ ಮೀನಿಗೆ ಕಾಣುವುದು ಕಡಿಮೆ. ನೈಲಾನ್‌ಗಿಂತ ಎಷ್ಟೋ ಜಾಸ್ತಿ ದುಡ್ಡು ಕೊಟ್ಟದ್ದು ಈ ಗುಣಗಳಿಗೆ.

ಇನ್ನು ನಿಮ್ಮ ದಾರ. ನೀರಲ್ಲಿ ಸ್ವಲ್ಪ ಹೊತ್ತು ಇದ್ದದ್ದೇ ತಡ, ಬೆಂದ ಶಾವಿಗೆಯ ಹಾಗೆ ಜೋಲು ಬಿತ್ತು. ದೋಣಿ ಪಕ್ಕದಲ್ಲೇ ಎಳೆದು ನೋಡಿದರೆ ಹೂಚಿ ಸತ್ತಂತೆ ಹಿಂದೆ ಬರುತ್ತಿತ್ತು. ಆದರೂ ಒಂದು ಚಿನೂಕ್ ಕಚ್ಚಿತು. ಜಲಸಂಧಿಯಲ್ಲಿ ಇಟ್ಟುಕೊಳ್ಳಲು 62 ಸೆಂಟಿಮೀಟರ್ ಇರಬೇಕು, ಇದು ಅದನ್ನು ಆರಾಮಾಗಿ ದಾಟಿತ್ತು. ನೆಟ್ ಹತ್ತಿರ ಬಂದು ಬಾಲ ಬಡಿಯಿತು, ದಾರ ತುಂಡಾಯಿತು. ಗಮನಿಸಿ: ರೀಲ್‌ನ 30 ಪೌಂಡ್ ದಾರ ಹಾಗೇ ಇತ್ತು. ಹೋದದ್ದು 40 ಪೌಂಡ್ ಲೀಡರ್. ಅದೂ ಗಂಟಿನಲ್ಲಲ್ಲ, ಗಾಳದಿಂದ ಒಂದಡಿ ಮೇಲೆ. ಗಂಟು ಜಾರಿದ್ದರೆ ತುದಿ ಸುರುಳಿ ಸುತ್ತಿಕೊಂಡಿರುತ್ತದೆ. ಈ ತುದಿ ನೆಟ್ಟಗಿತ್ತು. ಹಲ್ಲು ತಾಗಿದ ಗೀರೂ ಇಲ್ಲ. ಆ ಮೀನು ಬಾಯಲ್ಲಿ ಗಾಳ, ಹೂಚಿ, ಒಂದಡಿ ದಾರ ಹೊತ್ತು ಹೋಯಿತು. ನನಗೆ ಹಣಕ್ಕಿಂತ ಜಾಸ್ತಿ ಹೊಟ್ಟೆ ಉರಿದದ್ದು ಅದಕ್ಕೆ.

ಮನೆಗೆ ಬಂದು ಪರೀಕ್ಷೆ ಮಾಡಿದೆ. ಲೇಬಲ್ ಮೇಲೆ 0.60 ಮಿಲಿಮೀಟರ್ ಅಂತ ಇದೆ, ಮೈಕ್ರೋಮೀಟರ್ ಕೆಲವು ಕಡೆ 0.52 ತೋರಿಸಿತು. ನನ್ನ ಹಳೆಯ ಫ್ಲೋರೋಕಾರ್ಬನ್ ತುಂಡು ಮತ್ತು ನಿಮ್ಮ ತುಂಡು, ಎರಡನ್ನೂ ಒಟ್ಟಿಗೆ ನೀರಿನಲ್ಲಿ ಅದ್ದಿ ಬಿಟ್ಟೆ. ಹಳೆಯದು ನೇರ ತಳಕ್ಕೆ ಹೋಯಿತು. ನಿಮ್ಮದು ನಿಧಾನವಾಗಿ ತೇಲುತ್ತಾ ಇಳಿಯಿತು. ಎರಡಕ್ಕೂ ಬೆಂಕಿ ತೋರಿಸಿದೆ. ಹಳೆಯದು ಕರಕಲಾಗಿ ಆರಿತು, ನಿಮ್ಮದು ಕರಗಿ ತೊಟ್ಟಿಕ್ಕುತ್ತಾ ಉರಿಯಿತು. ಅದು ನೈಲಾನ್ ಲಕ್ಷಣ. ಇದೆಲ್ಲದರ ಫೋಟೋ ನಿಮ್ಮ ಬಳಿ ಇದೆ.

ಈಗ ಆ ಫೋನ್ ಕರೆ. ಕರೆ ರೆಕಾರ್ಡ್ ಆಗುತ್ತದೆ ಅಂತ ನೀವೇ ಶುರುವಿನಲ್ಲಿ ಹೇಳುತ್ತೀರಿ. ದಯವಿಟ್ಟು ತೆಗೆದು ಕೇಳಿ.

ದಾರ ತುಂಡಾಯಿತು ಅಂದ ಕೂಡಲೇ ಬಂದ ಪ್ರಶ್ನೆ: "ಮೇಡಂ, ಗಂಟು ಕಟ್ಟಿದ್ದು ಯಾರು?"

"ನಾನೇ."

"ಮನೆಯಲ್ಲಿ ಮೀನು ಹಿಡಿಯೋದು ಗೊತ್ತಿರೋರು ಯಾರಾದರೂ ಇದ್ದರೆ ಫೋನ್ ಕೊಡ್ತೀರಾ?"

ದೋಣಿ ನನ್ನದು, ಲೈಸೆನ್ಸ್ ನನ್ನದು, ಅದರ ಮೇಲಿನ ಸಾಲ್ಮನ್ ಸ್ಟ್ಯಾಂಪ್ ನನ್ನದು, ನಿಮ್ಮ ಬಿಲ್ ಇರುವುದೂ ನನ್ನ ಹೆಸರಿಗೇ ಅಂತ ಹೇಳಿದೆ. ಆಮೇಲೆ ವಿಚಾರಣೆ ಶುರು. ಬಿಗಿಯುವ ಮುಂಚೆ ಗಂಟು ಒದ್ದೆ ಮಾಡಿದ್ರಾ? ಮಾಡಿದೆ. ಡ್ರ್ಯಾಗ್ ಬಿಗಿ ಇತ್ತಾ? ರೀಲ್‌ನ ಆ ಬ್ರೇಕನ್ನು ರೀಲ್ ದಾರದ ಬಲದ ಕಾಲುಭಾಗಕ್ಕೆ ಇಟ್ಟಿದ್ದೆ. ಯಾವ ಗಂಟು? ಗಾಳಕ್ಕೆ ಸ್ನೆಲ್, ಸ್ವಿವೆಲ್ ಕಡೆ ಇಂಪ್ರೂವ್ಡ್ ಕ್ಲಿಂಚ್.

"ಸ್ನೆಲ್ ಅಂದ್ರೆ?"

ಗಾಳದ ಕಡ್ಡಿಗೆ ದಾರ ಸುತ್ತಿ ಬಿಗಿಯುವ ಗಂಟು ಅಂತ ವಿವರಿಸಿದೆ. ಟೈಪ್ ಮಾಡುವ ಸದ್ದು ಕೇಳಿಸಿತು. "ಇದು ನಮ್ಮ ಪಟ್ಟಿಯಲ್ಲಿ ಇಲ್ಲ ಮೇಡಂ. ತಪ್ಪು ಗಂಟು ಅಂತ ಬರೆದುಕೊಳ್ತೀನಿ."

"ತುಂಡಾಗಿದ್ದು ಗಂಟಿನಲ್ಲಿ ಅಲ್ಲ. ಒಂದಡಿ ಮೇಲೆ."

"ಅದನ್ನು ಬರೆಯೋಕೆ ಇಲ್ಲಿ ಜಾಗ ಇಲ್ಲ. ಮೀನು ಎಷ್ಟು ತೂಕ?"

ಹದಿನೈದು ಪೌಂಡ್ ಆಸುಪಾಸು ಅಂದೆ. "ಅಷ್ಟು ದೊಡ್ಡ ಮೀನು ಈ ದಾರಕ್ಕೆ ಜಾಸ್ತಿ ಆಯ್ತು ಅಲ್ವಾ ಮೇಡಂ?"

40 ಪೌಂಡ್ ದಾರ ಮಾರುವವರು ಆಡುವ ಮಾತೇ ಇದು? ಕ್ಯಾಂಪ್‌ಬೆಲ್ ರಿವರ್‌ನ ಟೈಯೀ ಕ್ಲಬ್ 1924ರಿಂದ ಇದೆ. ಅಲ್ಲಿ 20 ಪೌಂಡ್‌ಗಿಂತ ಗಟ್ಟಿ ದಾರ ಬಳಸುವಂತಿಲ್ಲ. ಆ ದಾರದಲ್ಲೇ, ಹುಟ್ಟು ಹಾಕುವ ದೋಣಿಯಿಂದ, 30 ಪೌಂಡ್ ಮತ್ತು ಅದಕ್ಕೂ ಮೇಲಿನ ಚಿನೂಕ್ ಹಿಡಿದು ಜನ ಸದಸ್ಯರಾಗುತ್ತಾರೆ. ಇದನ್ನು ಅವರಿಗೆ ಹೇಳುತ್ತಿದ್ದೆ. "ಒಂದು ನಿಮಿಷ" ಅಂದರು. ಲೈನ್ ಮ್ಯೂಟ್ ಆಗಿರಲಿಲ್ಲ. ಪಕ್ಕದವರಿಗೆ ಅವರು ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು: "ದೊಡ್ಡ ಮೀನು ತಪ್ಪಿಸಿಕೊಂಡ ಕಥೆ, ಇನ್ನೊಂದು." ಇಬ್ಬರೂ ನಕ್ಕರು. ಆಮೇಲೆ ವಾಪಸ್ ಬಂದು, ಗಂಟು ಕಟ್ಟುವುದು ಹೇಗೆ ಅನ್ನುವ ವಿಡಿಯೋ ಕಳಿಸ್ತೀನಿ, ನೋಡಿ ಕಲೀರಿ ಅಂದರು. ಕಳಿಸಿದರು ಕೂಡ. ಅದು ಬ್ರೇಡ್‌ಗೆ ಕಟ್ಟುವ ಗಂಟಿನ ವಿಡಿಯೋ.

ಆ ನಗು ನನಗೆ ಇನ್ನೂ ಮರೆತಿಲ್ಲ. ಮರೆಯುವುದೂ ಇಲ್ಲ.

ನನಗೆ ಪೂರ್ತಿ ಹಣ ವಾಪಸ್ ಬೇಕು. ಈ ಬ್ಯಾಚ್ ನಂಬರಿನ ಸುರುಳಿಗಳನ್ನು ಮಾರಾಟದಿಂದ ತೆಗೆಯಬೇಕು. ಆಗಲೇ ಕೊಂಡವರಿಗೆ ತಿಳಿಸಬೇಕು. ಆ ಪ್ರತಿನಿಧಿ ನನ್ನ ಕ್ಷಮೆ ಕೇಳಬೇಕು. ಹದಿನಾಲ್ಕು ದಿನ ಕೊಡುತ್ತೇನೆ. ಗಿಫ್ಟ್ ಕಾರ್ಡ್ ಕಳಿಸಬೇಡಿ, ತಗೊಳ್ಳುವುದಿಲ್ಲ.

ಹದಿನೈದನೆಯ ದಿನ ಸಿವಿಲ್ ರೆಸಲ್ಯೂಶನ್ ಟ್ರಿಬ್ಯೂನಲ್‌ನಲ್ಲಿ ಅರ್ಜಿ ಹಾಕುತ್ತೇನೆ. 5,000 ಡಾಲರ್‌ವರೆಗಿನ ದಾವೆಗೆ ಅಲ್ಲಿ ವಕೀಲರ ಅಗತ್ಯ ಇಲ್ಲ, ಎಲ್ಲ ಆನ್‌ಲೈನ್‌ನಲ್ಲೇ ಆಗುತ್ತದೆ. ಸುಳ್ಳು ಲೇಬಲ್ ಬಗ್ಗೆ ಕಾಂಪಿಟಿಷನ್ ಬ್ಯೂರೋಗೆ ಬೇರೆ ದೂರು ಹೋಗುತ್ತದೆ. ಕಾರ್ಡ್ ಕಂಪನಿಗೆ ಹೇಳಿ ಪಾವತಿಯನ್ನೂ ಹಿಂದಕ್ಕೆ ಪಡೆಯುತ್ತೇನೆ. ನಾನು ದೋಣಿ ಕಟ್ಟುವ ಮರೀನಾದಲ್ಲಿ ನಿಮ್ಮ ಗ್ರಾಹಕರು ತುಂಬಾ ಜನ ಇದ್ದಾರೆ. ಅವರ ಕೈಗೆ ಒಂದೊಂದು ತುಂಡು ದಾರ, ಒಂದೊಂದು ಬೆಂಕಿಕಡ್ಡಿ ಕೊಡುತ್ತೇನೆ. ಉಳಿದದ್ದನ್ನು ಅವರೇ ನೋಡಿಕೊಳ್ಳಲಿ.

ಸುರುಳಿ ವಾಪಸ್ ಕಳಿಸಿ, ಪರೀಕ್ಷೆ ಮಾಡ್ತೀವಿ ಅಂತ ಈಗ ಕೇಳಬೇಡಿ. ಆಗ ಕೇಳಿದ್ದರೆ ಕಳಿಸುತ್ತಿದ್ದೆ. ಈಗ ಅದು ಸಾಕ್ಷಿ, ನನ್ನ ಹತ್ತಿರವೇ ಇರುತ್ತದೆ.

ಇಂತಿ,
ನಿಮ್ಮ ಗ್ರಾಹಕಿ