ಚೀನಾದ ಚೆಂಗ್ಡುವಿಗೆ ಇಂಗ್ಲಿಷ್ ಮಾತು ಕಲಿಸಲು ಹೊರಟವಳಿಗೆ

ಚಿ. ಅನಘಾಗೆ ಚಿಕ್ಕಮ್ಮ ಮಾಡುವ ಆಶೀರ್ವಾದಗಳು.

ಅಲ್ಲಿನ ಕಾಲೇಜು ಮಕ್ಕಳಿಗೆ ಇಂಗ್ಲಿಷ್ ಬರುವುದಿಲ್ಲ ಅಂದುಕೊಂಡು ವ್ಯಾಕರಣ ಶುರು ಮಾಡಿಬಿಡಬೇಡ. ಓದು ಬರಹ ಬಂದಿರುತ್ತದೆ, ಬಾಯಿ ಮಾತ್ರ ಕಟ್ಟಿರುತ್ತದೆ. ಅವರೇ ಇದನ್ನು ‘ಯಾಬಾ ಯಿಂಗ್‌ಯು’ ಅನ್ನುತ್ತಾರೆ, ಮೂಕ ಇಂಗ್ಲಿಷ್. 710 ಅಂಕಗಳ ಅವರ ಸಿಇಟಿ-4 ಪರೀಕ್ಷೆಯಲ್ಲಿ (ನಮ್ಮ ಸಿಇಟಿ ಅಲ್ಲ, ಕಾಲೇಜು ಇಂಗ್ಲಿಷಿನದು) ಮಾತಿಗೆ ಅಂಕವಿಲ್ಲ. ಮಾತಿನ ಪರೀಕ್ಷೆಯೇ ಬೇರೆ.

ಲೆಕ್ಕ ನೋಡು. 45 ನಿಮಿಷದ ಪೀರಿಯಡ್ಡು, 50 ಮಂದಿ. ಒಬ್ಬೊಬ್ಬರನ್ನೇ ಎಬ್ಬಿಸಿದರೆ ತಲೆಗೊಂದು ನಿಮಿಷವೂ ಸಿಗದು. ಎಲ್ಲರೆದುರು ತಪ್ಪಿದರೆ ಮರ್ಯಾದೆ ಹೋದೀತೆಂಬ ಅಂಜಿಕೆ ಬೇರೆ. ಜೋಡಿ ಮಾಡಿ ಕೂರಿಸು. ಹಾಸ್ಟೆಲ್ ಊಟದಂಥ ವಿಷಯ ಕೊಟ್ಟು ಎರಡು ನಿಮಿಷ ಬಿಡು. ಐದಾರು ಪದ ಗುರುತು ಹಾಕಿಕೊಂಡರೆ ಸಾಕು. ಪೂರ್ತಿ ವಾಕ್ಯ ಬರೆಯಲು ಬಿಟ್ಟೆಯೋ, ಉರು ಹೊಡೆದು ಒಪ್ಪಿಸುತ್ತಾರೆ. ಅದೇ ಮಾತನ್ನು ಮೂವರು ಬೇರೆ ಬೇರೆ ಜೊತೆಗಾರರಿಗೆ ಹೇಳಲಿ: ಮೊದಲು 3 ನಿಮಿಷ, ಆಮೇಲೆ 2, ಕೊನೆಗೆ ಒಂದೂವರೆ. ಮೂರನೆಯ ಸಲಕ್ಕೆ ತಡವರಿಕೆ ಇಳಿದಿರುತ್ತದೆ. ನಡುವೆ ಬಾಯಿ ಹಾಕಿ ತಿದ್ದಬೇಡ. ಓಡಾಡುತ್ತ ಕೇಳಿಸಿಕೊಂಡು, ಯಾರದೆಂದು ಹೇಳದೆ ನಾಲ್ಕೈದು ತಪ್ಪು ಬೋರ್ಡಿಗೆ ಹಾಕು. ‘ಹಿ’, ‘ಶಿ’ ಅದಲುಬದಲು ಇದ್ದೇ ಇರುತ್ತದೆ. ಅವರಲ್ಲಿ ಬರೆಯುವ ಅಕ್ಷರ ಬೇರೆಯಾದರೂ ಆಡುವಾಗ ಅವನೂ ‘ಥಾ’, ಅವಳೂ ‘ಥಾ’.

ಉಚ್ಚಾರಣೆಯಲ್ಲಿ ಮೊದಲು ನಿನ್ನದನ್ನು ನೋಡಿಕೊ. ನಾವು ‘ಪಿನ್’ ಅನ್ನುವಾಗ ಉಸಿರು ಹೊಮ್ಮುವುದಿಲ್ಲ. ಅವರ ಕಿವಿ ಪಕಾರ ಬಕಾರಗಳನ್ನು ಬೇರ್ಪಡಿಸುವುದೇ ಆ ಉಸಿರಿನಿಂದ; ನಿನ್ನ ‘ಪಿನ್’ ಅವರಿಗೆ ‘ಬಿನ್’ ಆಗಿ ಕೇಳೀತು. ತುಟಿಯ ಮುಂದೆ ಟಿಶ್ಯೂ ಚೂರು ಹಿಡಿದು ಹೇಳು, ಅಲುಗಬೇಕು.

ಅವರ ಕಷ್ಟವಿರುವುದು ಪದದ ಬಾಲದಲ್ಲಿ. ಅವರ ಚೀನೀ ಭಾಷೆಯಾದ ಮ್ಯಾಂಡರಿನ್‌ನಲ್ಲಿ ಕಕಾರ, ಟಕಾರಗಳಲ್ಲಿ ಮುಗಿಯುವ ಪದವೇ ಇಲ್ಲ. ನಾವು ಬಸ್ಸನ್ನು ‘ಬಸ್ಸು’ ಮಾಡಿಕೊಂಡಂತೆ ಅವರೂ ಒಂದು ಸ್ವರ ಅಂಟಿಸುತ್ತಾರೆ, ಇಲ್ಲವೇ ಬಾಲವನ್ನೇ ನುಂಗುತ್ತಾರೆ. ‘ಪಿಕ್ ಇಟ್ ಅಪ್’ ಅನ್ನು ‘ಪಿ-ಕಿ-ಟಪ್’ ಎಂದು ಕೂಡಿಸಿ ಹೇಳಿಸು. ಮುಂದಿನ ಸ್ವರದ ಆಸರೆ ಸಿಕ್ಕರೆ ನಾಲಿಗೆ ಒಗ್ಗುತ್ತದೆ. ಚೆಂಗ್ಡು ಇರುವ ಸಿಚುವಾನ್ ಪ್ರಾಂತ್ಯದ ಹಲವರಿಗೆ ನ-ಲ ಕಲಸಿಹೋಗುತ್ತದೆ. ಮೂಗು ಹಿಡಿದು ‘ಲೈಟ್’ ಅನ್ನಿಸು: ಸರಾಗ ಬಂದರೆ ಲಕಾರ, ಕಟ್ಟಿಕೊಂಡರೆ ಅದು ‘ನೈಟ್’.

ವಾರಕ್ಕೊಮ್ಮೆ ವೀಚಾಟ್‌ನಲ್ಲಿ (ನಮ್ಮ ವಾಟ್ಸಾಪ್ ಇದ್ದಂತೆ) ಒಂದು ನಿಮಿಷದ ಮಾತು ಕಳಿಸಲು ಹೇಳು. ಐವತ್ತನ್ನೂ ಕೇಳಲು ಹೋಗಬೇಡ, ಸರದಿಯಂತೆ ಹತ್ತು ಸಾಕು. ನಿನ್ನ ಕ್ಲಾಸಿನಲ್ಲಿ ಮಾತಿಗೆ ಎಷ್ಟು ಅಂಕವೆಂದು ಮೊದಲ ವಾರವೇ ವಿಭಾಗದವರಿಂದ ಬರೆಸಿಕೊ. ಇಲ್ಲದಿದ್ದರೆ ಜೂನ್, ಡಿಸೆಂಬರ್ ಬಂತೆಂದರೆ ನಿನ್ನ ಕ್ಲಾಸಿನಲ್ಲೇ ಸಿಇಟಿ ಪುಸ್ತಕ ಬಿಚ್ಚಿಕೊಂಡು ಕೂರುತ್ತಾರೆ.

ಇಂತಿ ನಿನ್ನ
ಚಿಕ್ಕಮ್ಮ